ಕೈಯಲ್ಲಿ ತಾಳ, ಕಾಲಲ್ಲಿ ಗೆಜ್ಜೆ: ಪುರಂದರದಾಸರ ಬದುಕು ಮತ್ತು ಲಯದ ಪಾಠ



ಪುಷ್ಯ ಬಹುಳ ಅಮಾವಾಸ್ಯೆ ಬಂತೆಂದರೆ ನಮ್ಮ ಗಡಿನಾಡಿನ ಊರುಗಳಲ್ಲೂ ಪುರಂದರದಾಸರ ಆರಾಧನೆ ನಡೆಯುತ್ತದೆ. ಅಂದು ಅವರ ಪದಗಳನ್ನು ಹಾಡುತ್ತೇವೆ, ಭಕ್ತಿಯನ್ನು ನೆನೆಯುತ್ತೇವೆ. ಅವರೊಬ್ಬ ದೊಡ್ಡ ಮೇಷ್ಟ್ರೂ ಆಗಿದ್ದರು ಎಂಬುದು ಮಾತ್ರ ನೆನಪಿಗೆ ಬರುವುದು ಕಡಿಮೆ. ಕಾಸರಗೋಡಿನಲ್ಲಿ ಮಲಯಾಳಿ ಟೀಚರ್ ಬಳಿ, ಹೊಸೂರಿನಲ್ಲಿ ತಮಿಳು ಟೀಚರ್ ಬಳಿ, ಆದೋನಿಯಲ್ಲಿ ತೆಲುಗು ಮೇಷ್ಟ್ರ ಬಳಿ ಕರ್ನಾಟಕ ಸಂಗೀತಕ್ಕೆ ಸೇರುವ ಮಗು ಮೊದಲು ಕಲಿಯುವ ಪಾಠ ದಾಸರದೇ ಎಂದು ಪರಂಪರೆ ಹೇಳುತ್ತದೆ. ಆ ಪಾಠದಲ್ಲಿ ಸ್ವರಕ್ಕೆ ಎಷ್ಟು ಜಾಗವಿದೆಯೋ ತಾಳಕ್ಕೂ ಅಷ್ಟೇ ಇದೆ.

ದಾಸರು ಹುಟ್ಟಿದ್ದು 1484ರಲ್ಲಿ ಎಂಬುದು ವಾಡಿಕೆಯ ಲೆಕ್ಕ. ಊರು ಪುಣೆ ಹತ್ತಿರದ ಪುರಂದರಗಡ ಎಂಬ ನಂಬಿಕೆ ಬಹುಕಾಲ ಇತ್ತು. ತೀರ್ಥಹಳ್ಳಿ ಬಳಿಯ ಆರಗ ಸೀಮೆಯವರು ಎಂಬ ವಾದವೂ ಈಚೆಗೆ ಬಲವಾಗಿದೆ. ಒಂದು ಇಂದಿನ ಮಹಾರಾಷ್ಟ್ರ, ಇನ್ನೊಂದು ಕರ್ನಾಟಕ. ಗಡಿಯಲ್ಲಿರುವ ನಮಗೆ ಇದೇನೂ ವಿಚಿತ್ರವಲ್ಲ. ಆಗ ಅವರ ಹೆಸರು ಶ್ರೀನಿವಾಸ ನಾಯಕ. ಚಿನ್ನ, ರತ್ನ, ಲೇವಾದೇವಿಯ ಮನೆತನ. ಜನ ಅವರನ್ನು ನವಕೋಟಿ ನಾರಾಯಣ ಎನ್ನುತ್ತಿದ್ದರಂತೆ. ಕೊಡುವ ಕೈ ಮಾತ್ರ ಬಿಗಿ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಮಗನ ಉಪನಯನಕ್ಕೆ ನೆರವು ಕೇಳಿ ಬಂದ ಬಡ ಬ್ರಾಹ್ಮಣನನ್ನು ನಾಯಕರು ದಿನದಿನವೂ ಅಲೆಸಿದರು. ಅವನು ಮನೆಗೆ ಹೋದಾಗ ಹೆಂಡತಿ ಸರಸ್ವತಿಬಾಯಿ ತನ್ನ ಮೂಗುತಿಯನ್ನೇ ಬಿಚ್ಚಿಕೊಟ್ಟಳು. ಅದನ್ನು ಅವನು ನಾಯಕರ ಅಂಗಡಿಗೇ ತಂದ. ಗುರುತು ಹಿಡಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಕೇಳಿದರು. ವಿಷ ಕುಡಿಯಲು ಹೊರಟವಳ ಬಟ್ಟಲಲ್ಲಿ ಮೂಗುತಿ ಸಿಕ್ಕಿತು, ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು ಎಂದು ಐತಿಹ್ಯ. ಇದ್ದದ್ದನ್ನೆಲ್ಲ ದಾನ ಮಾಡಿ, ಹೆಂಡತಿ ಮಕ್ಕಳೊಂದಿಗೆ ವಿಜಯನಗರದ ದಾರಿ ಹಿಡಿದರು. ಅಲ್ಲಿ ವ್ಯಾಸರಾಯರ ಶಿಷ್ಯರಾದರು. ಪುರಂದರವಿಠಲ ಎಂಬುದು ಅವರ ಅಂಕಿತ. ಆ ವಿಠಲನ ಕ್ಷೇತ್ರವಾದ ಪಂಢರಪುರ ಇಂದು ಸೊಲ್ಲಾಪುರ ಜಿಲ್ಲೆಯಲ್ಲಿದೆ ಎಂಬುದು ಅಲ್ಲಿನ ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ.

ಲೆಕ್ಕದ ಪುಸ್ತಕ ಬಿಟ್ಟ ವ್ಯಾಪಾರಿ ಈಗ ತಾಳದ ಎಣಿಕೆ ಹಿಡಿದರು. ದಾಸರದು ಮಧುಕರವೃತ್ತಿ: ಬೆಳಿಗ್ಗೆ ಬೀದಿ ಬೀದಿ ಹಾಡುತ್ತ ಹೋಗಿ, ಬಂದ ಅಕ್ಕಿಯಲ್ಲಿ ಅಂದಿನ ಊಟ. ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ, ಕಾಲಿಗೆ ಗೆಜ್ಜೆ. ನಡೆಯುತ್ತ ಹಾಡುವವನು ಲಯ ತಪ್ಪಿದರೆ ಮೊದಲು ಅವನ ಕಾಲಿಗೇ ಗೊತ್ತಾಗುತ್ತದೆ. ಹೆಜ್ಜೆ, ಗೆಜ್ಜೆ, ಚಿಟಿಕೆ ಮೂರೂ ಕೂಡಿದ ಮೇಲೆ ಮಾತು ಬರುತ್ತದೆ. ದಾಸರ ಪದಗಳು ಓದು ಬಾರದವರ ಬಾಯಲ್ಲೂ ಇಷ್ಟು ಕಾಲ ಉಳಿದದ್ದಕ್ಕೆ ಈ ನಡಿಗೆಯೂ ಒಂದು ಕಾರಣ.

ಅವರಿಗಿಂತ ಹಿಂದೆ ತಾಳಶಾಸ್ತ್ರ ದೊಡ್ಡ ಕಾಡಿನಂತಿತ್ತು. 13ನೇ ಶತಮಾನದ ಸಂಗೀತ ರತ್ನಾಕರ 120 ದೇಶೀ ತಾಳಗಳನ್ನು ಹೇಳುತ್ತದೆ. ಹರಿದಾಸರು ತಮ್ಮ ಸುಳಾದಿಗಳಲ್ಲಿ ಕೆಲವೇ ತಾಳಗಳನ್ನು ಬಳಸಿದರು. ಸುಳಾದಿಯೆಂದರೆ ಒಂದೊಂದು ಭಾಗವೂ ಒಂದೊಂದು ತಾಳದಲ್ಲಿ ಸಾಗುವ ದೀರ್ಘ ರಚನೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳಕ್ಕೆ ಸುಳಾದಿ ಸಪ್ತ ತಾಳ ಎಂಬ ಹೆಸರು ಬಂದದ್ದು ಹೀಗೆ. ಈ ಏಳನ್ನೇ ದಾಸರು ಮಕ್ಕಳ ಪಾಠವನ್ನಾಗಿ ಮಾಡಿದರು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಆಮೇಲೆ ಏಳು ತಾಳದ ಅಲಂಕಾರ, ಆಮೇಲೆ ಮಲಹರಿಯಲ್ಲಿ ಪಿಳ್ಳಾರಿ ಗೀತೆಗಳು. ಅದಕ್ಕೇ ಅವರು ಕರ್ನಾಟಕ ಸಂಗೀತ ಪಿತಾಮಹ.

ಈ ಕ್ರಮದ ಒಳಗುಟ್ಟನ್ನು ಸ್ವಲ್ಪ ನೋಡೋಣ. ಸರಳೆ ವರಸೆ ಆದಿತಾಳದಲ್ಲಿ, 8 ಅಕ್ಷರ. ಒಂದನೇ ಕಾಲದಲ್ಲಿ ಒಂದು ಅಕ್ಷರಕ್ಕೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಬಾಯಿಯ ವೇಗ ಏರುತ್ತದೆ, ಕೈ ಮಾತ್ರ ಇದ್ದಲ್ಲೇ ಇರಬೇಕು. ಮಕ್ಕಳು ಸೋಲುವುದು ಇಲ್ಲೇ. ಬಾಯಿ ಓಡಿದಂತೆ ಕೈಯೂ ಓಡುತ್ತದೆ. ಕೈಯನ್ನು ತಡೆದು ನಿಲ್ಲಿಸುವುದನ್ನು ಕಲಿತ ದಿನ ಲಯ ಒಳಗೆ ಇಳಿಯಿತು ಎಂದೇ ಲೆಕ್ಕ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಹಿಂದೂಸ್ತಾನಿ ಕಲಿಯುವ ಮಕ್ಕಳಿಗೂ ಇದು ಹೊಸದಲ್ಲ. ತಬಲಾದ ಠೇಕಾ ಬದಲಾಗದೆ ನಡೆಯುತ್ತಿರುವಾಗಲೇ ಅವರು ದುಗುನ್, ಚೌಗುನ್ ಹಾಡಬೇಕು.

ಅಲಂಕಾರ ಇನ್ನೊಂದು ಮೆಟ್ಟಿಲು. ಮಠ್ಯ ತಾಳಕ್ಕೆ 4, 2, 4 ಸೇರಿ 10 ಅಕ್ಷರ. ಝಂಪೆಗೂ 10, ಆದರೆ ಅದು 7, 1, 2. ಧ್ರುವಕ್ಕೆ 4, 2, 4, 4 ಸೇರಿ 14. ಅಟ್ಟಕ್ಕೂ 14, ಅದು 5, 5, 2, 2. ಮೊತ್ತ ಒಂದೇ, ನಡಿಗೆ ಬೇರೆ. ಮಠ್ಯ ಎರಡು ಕಡೆಯೂ ಸಮತೂಕದ ತಕ್ಕಡಿ. ಝಂಪೆ ದೂರ ನಡೆದು, ಥಟ್ಟನೆ ನಿಂತು, ಎರಡು ಹೆಜ್ಜೆ ಹಾಕಿದ ಹಾಗೆ. ಬರೀ ಹತ್ತು ಎಣಿಸುವವನಿಗೆ ಇವೆರಡೂ ಒಂದೇ. ತಟ್ಟು, ಬೆರಳೆಣಿಕೆ, ಹುಸಿ ಹಾಕಿ ಹಾಡುವವನಿಗೆ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಲಯಜ್ಞಾನವೆಂದರೆ ಇದೇ.

ಈಗ ಒಂದು ವರ್ಷ ತುಂಬುವ ಮೊದಲೇ ಮಗು ವೇದಿಕೆಯಲ್ಲಿ ಹಾಡಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಅಲಂಕಾರ ಬೇಸರ, ಹಾಡು ಹೇಳಿಕೊಡಿ ಎನ್ನುತ್ತೇವೆ. ಫೋನಿನಲ್ಲಿ ತಾಳದ ಆ್ಯಪ್ ಇದೆಯಲ್ಲ ಎನ್ನುತ್ತೇವೆ. ಆ್ಯಪ್ ಜೊತೆಗಿರಲಿ, ತಪ್ಪನ್ನು ತೋರಿಸುತ್ತದೆ. ಆದರೆ ಅದನ್ನು ಆರಿಸಿದ ಮೇಲೂ ನಡೆಯುವ ಲಯ ಬೇಕಾದರೆ ಕೈಯನ್ನೇ ನಂಬಬೇಕು. ಮನೆಯಲ್ಲಿ ಹೀಗೆ ಮಾಡಿಸಿ ನೋಡಿ: ದಿನಕ್ಕೆ ಒಂದೇ ತಾಳ. ಮೊದಲು ಸ್ವರವಿಲ್ಲದೆ ಕೈ ಮಾತ್ರ. ಆಮೇಲೆ ನಿಧಾನವಾಗಿ ಅಲಂಕಾರ. ನಡುವೆ ಒಂದು ಆವರ್ತ ಬಾಯಿ ಮುಚ್ಚಿ, ಕೈ ನಿಲ್ಲಿಸದೆ, ಮತ್ತೆ ಸರಿಯಾಗಿ ಸಮಕ್ಕೆ ಹಾಡು ಎತ್ತಿಕೊಳ್ಳಲಿ. ದೊಡ್ಡವರು ಕಲಿಯಲೂ ಇದೇ ದಾರಿ.

ದಾಸರು 1564ರಲ್ಲಿ ಹಂಪಿಯಲ್ಲಿ ತೀರಿಕೊಂಡರು. ಮರುವರ್ಷವೇ, 1565ರಲ್ಲಿ, ರಕ್ಕಸತಂಗಡಿ ಯುದ್ಧವಾಗಿ ವಿಜಯನಗರ ಹಾಳಾಯಿತು. ಅರಮನೆ ಉಳಿಯಲಿಲ್ಲ, ಪಾಠ ಉಳಿಯಿತು. ಅದು ಕನ್ನಡ ಸೀಮೆ ದಾಟಿ ಕಾವೇರಿ ಬಯಲಿಗೆ ಹೋಯಿತು. ಎರಡು ಶತಮಾನಗಳ ಮೇಲೆ ತಿರುವಯ್ಯಾರಿನ ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದ ಆರಂಭದಲ್ಲಿ ಪುರಂದರದಾಸರಿಗೆ ವಂದನೆ ಸಲ್ಲಿಸಿದರು. ದಾಸರು ಕನಸಿನಲ್ಲಿ ಬಂದು ಅಂಕಿತ ಕೊಟ್ಟರೆಂದು ಹೇಳುವ ವಿಜಯದಾಸರು ಸುಳಾದಿಗಳಿಗೇ ಹೆಸರಾದವರು. ಅವರು 1755ರಲ್ಲಿ ಕೊನೆಯುಸಿರೆಳೆದ ಚಿಪ್ಪಗಿರಿ ಇಂದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ, ನಮ್ಮ ಆದೋನಿ ಸೀಮೆಯಲ್ಲೇ ಇದೆ.

ಹಂಪಿಗೆ ಹೋದವರು ವಿಜಯವಿಠಲ ಗುಡಿಯ ಹತ್ತಿರ, ತುಂಗಭದ್ರೆಯ ದಡದ ಪುರಂದರ ಮಂಟಪವನ್ನು ನೋಡಿ ಬನ್ನಿ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗುತ್ತದೆ, ಹೊಳೆ ಇಳಿದ ಮೇಲೆ ಮತ್ತೆ ಕಾಣುತ್ತದೆ. ಮುಂದಿನ ಆರಾಧನೆಗೆ ನಮ್ಮ ಊರುಗಳಲ್ಲಿ ದೇವರನಾಮಗಳ ಮೊದಲು ಮಕ್ಕಳೆಲ್ಲ ಕೂಡಿ ಏಳು ತಾಳದ ಅಲಂಕಾರ ಹಾಡಲಿ. ಕೇಳುವ ನಾವೂ ಸುಮ್ಮನೆ ಕೂರದೆ ಕೈಯಲ್ಲಿ ತಾಳ ಹಾಕೋಣ. ಶಾಲೆಯಲ್ಲಿ ಕನ್ನಡ ಸಿಗದ ಮಗುವಿಗೂ ಕನ್ನಡದ ಮೇಷ್ಟ್ರೊಬ್ಬರ ಪಾಠ ಕೈಬೆರಳಲ್ಲಿ ಉಳಿಯುತ್ತದೆ.