ಡಾ. ಯಲ್ಲಾಪ್ರಗಡ ಸುಬ್ಬರಾವ್

ಟ್ಯಾಂಪಿನೀಸ್‌ನಲ್ಲಿರುವ ನಮ್ಮ ತಾಯಂದಿರಲ್ಲಿ ಫೋಲಿಕ್ ಆಸಿಡ್ ಮಾತ್ರೆ ನುಂಗದವರು ಕಡಿಮೆ. ಮಗು ಹೊಟ್ಟೆಯಲ್ಲಿರುವಾಗ ವೈದ್ಯರು ಅದನ್ನು ಬರೆದುಕೊಡುತ್ತಾರೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಒಬ್ಬ ಭಾರತೀಯರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮಾವರದಲ್ಲಿ. ಬಡತನದ ಮನೆ. ಬಾಳೆಹಣ್ಣು ಮಾರಿ ದುಡ್ಡು ಮಾಡೋಣವೆಂದು ಹುಡುಗ ಕಾಶಿಗೆ ಓಡಿಹೊರಟಿದ್ದನಂತೆ! ತಾಯಿ ವೆಂಕಮ್ಮ ಹಟ ಹಿಡಿದು ಓದಿಸಿದರು. ಮೆಟ್ರಿಕ್ ಪಾಸಾದದ್ದು ಮೂರನೆಯ ಸಲಕ್ಕೆ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ಸಿಕ್ಕಿತು.

ಇದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲೇ ಬಿತ್ತು. ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಈ ಕಾಯಿಲೆಯಲ್ಲಿ ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತ ಕುಗ್ಗಿ ಮನುಷ್ಯ ಸವೆದುಹೋಗುತ್ತಾನೆ. ಆಗ ಅದಕ್ಕೆ ಮದ್ದಿರಲಿಲ್ಲ.

ಮಾವನವರ ಹಣದ ನೆರವಿನಿಂದ ಸುಬ್ಬರಾವ್ ಅಮೆರಿಕಕ್ಕೆ ಹೋದರು. ಹಾರ್ವರ್ಡಿನಲ್ಲಿ ಓದುತ್ತ, ಖರ್ಚಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ದುಡಿದರು. ಫಿಸ್ಕ್ ಎಂಬುವರ ಜೊತೆ 1925ರಲ್ಲಿ ರಕ್ತದ ರಂಜಕವನ್ನು ಅಳೆಯುವ ವಿಧಾನ ಕಂಡುಹಿಡಿದರು. ಆದರೂ ಅಲ್ಲಿ ಖಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಕಂಪನಿಯ ಸಂಶೋಧನಾಲಯ ಸೇರಿದರು.

ಅಲ್ಲಿ ನಡೆದದ್ದನ್ನು ಮಕ್ಕಳು ಸ್ವಲ್ಪ ನಿಧಾನವಾಗಿ ಓದಬೇಕು. ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಬೆಳೆಯಲು ಯಾವುದೋ ಒಂದು ಪದಾರ್ಥ ಬೇಕಿತ್ತು. ಅದು ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿತ್ತು. ಬ್ಯಾಕ್ಟೀರಿಯಾ ಬೆಳೆಯುತ್ತದೋ ಇಲ್ಲವೋ ಎಂದು ನೋಡಿ ನೋಡಿಯೇ ತಂಡ ಆ ಪದಾರ್ಥವನ್ನು ಬೇರ್ಪಡಿಸಿ, 1945ರಲ್ಲಿ ಕೃತಕವಾಗಿ ತಯಾರಿಸಿತು. ಅದೇ ಫೋಲಿಕ್ ಆಸಿಡ್. ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ಅವರು ಚೇತರಿಸಿಕೊಂಡರು. 1948ರಲ್ಲಿ ಅದೇ ಸಂಶೋಧನಾಲಯದಿಂದ ಆರಿಯೊಮೈಸಿನ್ ಬಂತು. ಅದು ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ. ಇಂದು ಉಷ್ಣವಲಯದ ಸ್ಪ್ರೂಗೆ ವೈದ್ಯರು ಕೊಡುವುದು ಈ ಎರಡನ್ನೇ: ಫೋಲಿಕ್ ಆಸಿಡ್ ಮತ್ತು ಟೆಟ್ರಾಸೈಕ್ಲಿನ್. ಅಣ್ಣತಮ್ಮಂದಿರಿಗೆ ಮಾತ್ರ ತಡವಾಗಿತ್ತು.

ಕ್ಯಾನ್ಸರ್ ಕಣಗಳಿಗೂ ಬೆಳೆಯಲು ಫೋಲಿಕ್ ಆಸಿಡ್ ಬೇಕು. ಅದರಂತೆಯೇ ಕಾಣುವ, ಆದರೆ ಕೆಲಸ ಕೆಡಿಸುವ ಅಮಿನೊಪ್ಟೆರಿನ್ ಅನ್ನು ಇದೇ ತಂಡ ತಯಾರಿಸಿತು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟು, ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು 1948ರಲ್ಲಿ ವರದಿ ಮಾಡಿದರು. ಅದೇ ವಂಶದ ಮೆಥೊಟ್ರೆಕ್ಸೇಟ್ ಈಗಲೂ ಬಳಕೆಯಲ್ಲಿದೆ. ಆನೆಕಾಲು ರೋಗದ ಹೆಟ್ರಜಾನ್ ಕೂಡ ಅಲ್ಲಿಯದೇ. ನಮ್ಮ ಕರಾವಳಿಯ ಹಿರಿಯರಿಗೆ ಆ ರೋಗದ ಪರಿಚಯ ಚೆನ್ನಾಗಿಯೇ ಇದೆ.

ಕರುಳು, ಬ್ಯಾಕ್ಟೀರಿಯಾ, ಲಿವರು, ಕ್ಯಾನ್ಸರ್ ಈಗ ಮತ್ತೆ ಒಟ್ಟಿಗೆ ಸುದ್ದಿಯಲ್ಲಿವೆ. ಕರುಳಿನ ರಕ್ತ ಮೊದಲು ಹೋಗುವುದು ಲಿವರಿಗೆ. ಕರುಳಿನ ಬ್ಯಾಕ್ಟೀರಿಯಾಗಳ ಹದ ತಪ್ಪಿದರೆ ಲಿವರ್ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆಯೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಸುಬ್ಬರಾವ್ 1948ರ ಆಗಸ್ಟ್ 8ರಂದು, 53ನೆಯ ವಯಸ್ಸಿನಲ್ಲಿ ನಿಧನರಾದರು. ನೊಬೆಲ್ ಬರಲಿಲ್ಲ. ಭಾರತ ಅವರ ಅಂಚೆಚೀಟಿ ತಂದದ್ದು 1995ರಲ್ಲಿ. ಹಡಗು ಹತ್ತಿದ ಮೇಲೆ ಅವರು ಊರಿಗೆ ಮರಳಲೇ ಇಲ್ಲ. ಪತ್ನಿ ಶೇಷಗಿರಿ ಅವರನ್ನು ಮತ್ತೆ ಕಾಣಲಿಲ್ಲ.