ವಿಲಿಯಂ ಹೆನ್ರಿ ಹೇಸ್ಟಿ

ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಪೀಠವನ್ನೇರಿದ ಮೊದಲ ಕರಿಯ ನ್ಯಾಯಾಧೀಶರು ವಿಲಿಯಂ ಹೆನ್ರಿ ಹೇಸ್ಟಿ. ಶಿಷ್ಯ ತುರ್ಗುಡ್ ಮಾರ್ಷಲ್ ಅವರ ಕೀರ್ತಿಯ ಮುಂದೆ ಈ ಹೆಸರು ಕೊಂಚ ಮಸುಕಾದದ್ದು ನ್ಯಾಯವಲ್ಲ. 1904ರಲ್ಲಿ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಜನಿಸಿದ ಹೇಸ್ಟಿ, ಆಮ್ಹರ್ಸ್ಟ್ ಕಾಲೇಜಿನಿಂದ ತರಗತಿಗೇ ಮೊದಲಿಗರಾಗಿ ಹೊರಬಂದು, 1930ರಲ್ಲಿ ಹಾರ್ವರ್ಡಿನ ಕಾನೂನು ಪದವಿ ಪಡೆದರು. ಅವರು ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದಾಗ, ಬಂಧು ಚಾರ್ಲ್ಸ್ ಹ್ಯೂಸ್ಟನ್ ಅಲ್ಲಿನ ಕಾನೂನು ಶಾಲೆಯನ್ನು ವರ್ಣಭೇದದ ವಿರುದ್ಧ ವಾದಿಸಬಲ್ಲ ವಕೀಲರ ಗರಡಿಯನ್ನಾಗಿ ರೂಪಿಸುತ್ತಿದ್ದರು.

ಹೇಸ್ಟಿ ತಮ್ಮ ಮೊದಲ ದೊಡ್ಡ ಮೊಕದ್ದಮೆಯಲ್ಲಿ ಸೋತರು. 1933ರಲ್ಲಿ ಥಾಮಸ್ ಹೋಕಟ್ ಎಂಬ ವಿದ್ಯಾರ್ಥಿಗೆ ಉತ್ತರ ಕೆರೋಲಿನಾ ವಿಶ್ವವಿದ್ಯಾಲಯದ ಔಷಧಶಾಸ್ತ್ರ ವಿಭಾಗದಲ್ಲಿ ಪ್ರವೇಶ ಕೋರಿ ಅವರು ವಾದಿಸಿದರು. ಆತ ಓದಿದ್ದ ಕಾಲೇಜಿನ ಮುಖ್ಯಸ್ಥರು (ಅವರೂ ಕರಿಯರೇ) ಅಂಕಪಟ್ಟಿ ಕೊಡಲೊಪ್ಪಲಿಲ್ಲ, ಅರ್ಜಿ ಅಪೂರ್ಣವೆನಿಸಿತು. ಆದರೆ ದಾರಿಯೊಂದು ತೆರೆದಿತ್ತು. ಅದೇ ಬಗೆಯ ಬೇಡಿಕೆಯನ್ನಿಟ್ಟು ಹ್ಯೂಸ್ಟನ್ ಮತ್ತು ಮಾರ್ಷಲ್ 1936ರಲ್ಲಿ ಮೇರಿಲ್ಯಾಂಡಿನಲ್ಲಿ ಗೆದ್ದರು.

1937ರಲ್ಲಿ ರೂಸ್‌ವೆಲ್ಟ್ ಅವರು ಹೇಸ್ಟಿಯವರನ್ನು ವರ್ಜಿನ್ ದ್ವೀಪಗಳ ಜಿಲ್ಲಾ ನ್ಯಾಯಾಧೀಶರನ್ನಾಗಿ ನೇಮಿಸಿದರು. ಎರಡೇ ವರ್ಷಗಳಲ್ಲಿ ಆ ಹುದ್ದೆಯನ್ನು ಬಿಟ್ಟು ಅವರು ಹೋವರ್ಡಿಗೆ ಡೀನ್ ಆಗಿ ಮರಳಿದರು. 1940ರಿಂದ ಯುದ್ಧ ಇಲಾಖೆಯ ಸಲಹೆಗಾರರೂ ಆದರು. ಪ್ರತಿಭಟನೆಗೆ ಬದಲು ಹುದ್ದೆಯೊಳಗಿದ್ದೇ ಕೆಲಸ ಸಾಧಿಸುವ ನಂಬಿಕೆ ಅವರದಾಗಿತ್ತು. ಸೇನೆಯ ವಾಯುದಳ ಕರಿಯರಿಗೆ ಪ್ರತ್ಯೇಕ ತರಬೇತಿಯ ಹಟ ಬಿಡದಿದ್ದಾಗ ಆ ನಂಬಿಕೆಗೂ ಮಿತಿ ಬಂತು. 1943ರ ಜನವರಿಯಲ್ಲಿ, ಯುದ್ಧದ ನಡುವೆಯೇ, ಕಾರಣಗಳನ್ನು ಬಹಿರಂಗಪಡಿಸಿ ರಾಜೀನಾಮೆ ನೀಡಿದರು. ಅವರ ಬದುಕಿನ ಅತಿ ದೊಡ್ಡ ತೀರ್ಮಾನ ಬಹುಶಃ ಇದೇ. ಮರುವರ್ಷ ಮಾರ್ಷಲ್ ಜೊತೆಗೂಡಿ, ಟೆಕ್ಸಾಸಿನಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಪಕ್ಷದ ಪ್ರಾಥಮಿಕ ಚುನಾವಣೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ರದ್ದುಗೊಳಿಸಿದರು.

ವರ್ಜಿನ್ ದ್ವೀಪಗಳ ಗವರ್ನರ್ ಆಗಿದ್ದ ಹೇಸ್ಟಿಯವರನ್ನು 1949ರಲ್ಲಿ ಟ್ರೂಮನ್ ಫಿಲಡೆಲ್ಫಿಯಾದ ಮೂರನೆಯ ಸರ್ಕಿಟ್ ನ್ಯಾಯಾಲಯಕ್ಕೆ ನೇಮಿಸಿದರು. ಸೆನೆಟ್ಟಿನ ಸಮ್ಮತಿ ದೊರೆತದ್ದು 1950ರ ಜುಲೈನಲ್ಲಿ. 1962ರಲ್ಲಿ ಕೆನಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಅವರ ಹೆಸರನ್ನು ಪರಿಶೀಲಿಸಿ, ಬೈರನ್ ವೈಟ್ ಅವರನ್ನು ಆರಿಸಿಕೊಂಡರು. ಮುಖ್ಯ ನ್ಯಾಯಮೂರ್ತಿ ವಾರನ್ ಅವರಿಗೆ ಹೇಸ್ಟಿ ಸಾಕಷ್ಟು ಉದಾರವಾದಿಯೆನಿಸಲಿಲ್ಲವೆಂದು ರಾಬರ್ಟ್ ಕೆನಡಿ ಮುಂದೆ ನೆನಪಿಸಿಕೊಂಡರು. ವರ್ಣಭೇದವನ್ನು ಪ್ರತಿಭಟಿಸಿ ಸರ್ಕಾರಿ ಹುದ್ದೆಯನ್ನೇ ತೊರೆದವರ ಬಗೆಗೆ ಬಂದ ಮಾತಿದು! ಆ ಪೀಠವನ್ನು 1967ರಲ್ಲಿ ಏರಿದವರು ಶಿಷ್ಯ ಮಾರ್ಷಲ್. ಹೇಸ್ಟಿ 1968ರಿಂದ 1971ರವರೆಗೆ ತಮ್ಮ ಸರ್ಕಿಟ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದು, 1976ರ ಏಪ್ರಿಲ್ 14ರಂದು ನಿಧನರಾದರು.