ಮುಂಬೈ ಸಭೆಯಲ್ಲಿ ನಮ್ಮ ಜಿಲ್ಲೆಯ ದನಿ: ಡಾ. ಫ.ಗು. ಹಳಕಟ್ಟಿಯವರು



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ನಮಗಿಂತ ಮೊದಲು ಈ ಜಿಲ್ಲೆಯಲ್ಲಿ ಸಹಕಾರದ ಬೀಜ ಬಿತ್ತಿದ ಹಿರಿಯರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ. ಅಂಥವರಲ್ಲಿ ಮೊದಲ ಹೆಸರು ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರದು. ಅವರು ವಚನ ಪಿತಾಮಹರು ಎಂಬುದು ಸಾಲಿ ಹುಡುಗರಿಗೂ ಗೊತ್ತು. ಆದರೆ ಅವರು ಮುಂಬೈ ಶಾಸನ ಸಭೆಯ ಸದಸ್ಯರಾಗಿದ್ದರು, ಊರಿನಲ್ಲಿ ಸಹಕಾರಿ ಬ್ಯಾಂಕು ಕಟ್ಟಿದ್ದರು ಎಂಬ ಮಾತು ನಮ್ಮ ರೈತರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಆ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ತಾಯಿ ದಾನಾದೇವಿ ಮಗ ಸಣ್ಣವನಿದ್ದಾಗಲೇ ತೀರಿಕೊಂಡರು. ಹುಡುಗ ಅಜ್ಜಿಯ ಕೈಯಲ್ಲಿ ಬೆಳೆದ. 1896ರಲ್ಲಿ ಮ್ಯಾಟ್ರಿಕ್ ಮುಗಿಸಿ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಹೋದರು. ಅಲ್ಲಿ ಆಲೂರ ವೆಂಕಟರಾಯರ ಸ್ನೇಹವಾಯಿತು. ಮರಾಠಿ, ಗುಜರಾತಿ ಜನ ತಮ್ಮ ಭಾಷೆಯ ಮೇಲೆ ಇಟ್ಟ ಅಭಿಮಾನವನ್ನು ಕಣ್ಣಾರೆ ಕಂಡು, ನಮ್ಮ ಕನ್ನಡಕ್ಕೂ ಇಂಥ ಕಾಲ ಬರಬೇಕು ಎಂಬ ಹಂಬಲ ಅಲ್ಲಿಯೇ ಬೇರೂರಿತು. ವಿಜ್ಞಾನದ ಪದವಿ, ಆಮೇಲೆ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ಮಾಡಿ, 1904ರಲ್ಲಿ ಆಗಿನ ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ ಬಂದರು. ಬಂದವರು ಕೊನೆಯ ತನಕ ಇಲ್ಲಿಯವರೇ ಆಗಿ ಉಳಿದರು.

ಆಗ ಜಿಲ್ಲೆ ಹ್ಯಾಂಗಿತ್ತು ನೋಡ್ರಿ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಮಳೆ ಕೈಕೊಟ್ಟ ವರ್ಷ ಅದೇ ಎರೆ ಹೊಲದಲ್ಲಿ ದನಕ್ಕೆ ಕಣಿಕಿಯೂ ಸಿಗುತ್ತಿರಲಿಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಎಷ್ಟು ಜನ ಸತ್ತರು, ಎಷ್ಟು ಜನ ಗುಳೆ ಹೋದರು ಎಂದರೆ, ಮುಂದೆ 1881ರಲ್ಲಿ ಜನಗಣತಿ ಮಾಡಿದಾಗ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಬಂತು. 1896–97ರಲ್ಲಿ ಮತ್ತೆ ಬರ, 1899–1900ರಲ್ಲಿ ಮತ್ತೊಂದು. ಬೀಜಕ್ಕೂ ಸಾಲ, ಎತ್ತಿಗೂ ಸಾಲ, ಸರಕಾರದ ಪಟ್ಟಿ ತುಂಬಲಿಕ್ಕೂ ಸಾಲ. ಸಾಲ ಕೊಡುವವ ಸಾಹುಕಾರ ಒಬ್ಬನೇ.

ಇದಕ್ಕೆ ಔಷಧ ಹುಡುಕಿದವರ ಸಾಲಿನಲ್ಲಿ ಹಳಕಟ್ಟಿಯವರು ನಿಂತರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಂಘ ಕಟ್ಟಿ ಇಡೀ ದೇಶಕ್ಕೆ ದಾರಿ ತೋರಿಸಿದರು. 1912ರಲ್ಲಿ ಕಾಯದೆ ಇನ್ನೂ ವಿಸ್ತಾರವಾಯಿತು. ಅದೇ ವರ್ಷ ಹಳಕಟ್ಟಿಯವರ ಮುಂದಾಳುತನದಲ್ಲಿ ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಶುರುವಾಯಿತು. ಒಕ್ಕಲಿಗರ ಸಂಘ, ನೇಕಾರರ ಸಂಘಗಳಿಗೂ ಅವರು ದುಡಿದರು. ಅದಕ್ಕೂ ಎರಡು ವರ್ಷ ಮೊದಲು, 1910ರಲ್ಲಿ, ಊರ ಹಿರಿಯರನ್ನು ಕೂಡಿಸಿಕೊಂಡು ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದ್ದರು. ನಗರಸಭೆಯ ಕೆಲಸವನ್ನೂ ಹೊತ್ತಿದ್ದರು.

ಇಷ್ಟು ಕೆಲಸ ಮಾಡಿದ ಮೇಲೆ 1920ರಲ್ಲಿ ಅವರು ಮುಂಬೈ ಶಾಸನ ಸಭೆಗೆ ಆಯ್ಕೆಯಾದರು. ಆ ಸಭೆಯ ಸ್ವರೂಪ ಸ್ವಲ್ಪ ತಿಳಿಯಬೇಕು. 1919ರ ಸುಧಾರಣಾ ಕಾಯದೆಯ ಪ್ರಕಾರ ಸರಕಾರದ ಕೆಲಸವನ್ನು ಎರಡು ಪಾಲು ಮಾಡಿದ್ದರು. ಶಿಕ್ಷಣ, ಕೃಷಿ, ಸಹಕಾರ, ಸ್ಥಳೀಯ ಸಂಸ್ಥೆಗಳು ನಮ್ಮ ಜನರ ಮಂತ್ರಿಗಳ ಕೈಗೆ. ಭೂಕಂದಾಯ, ನೀರಾವರಿ, ಬರ ಪರಿಹಾರ, ಪೊಲೀಸ್ ಇವೆಲ್ಲ ಗವರ್ನರ್ ಸಾಹೇಬರ ಕೈಯಲ್ಲೇ. ಅಂದರೆ ನಮ್ಮ ಜಿಲ್ಲೆಗೆ ಯಾವುದು ಜೀವ ಹಿಡಿಯುವ ವಿಷಯವೋ, ಆ ನೀರು, ಆ ಪಟ್ಟಿ, ಆ ಬರ, ಇವೇ ಸದಸ್ಯರ ಕೈಗೆ ಸಿಗದಂತೆ ಇದ್ದವು. ಸದಸ್ಯರು ಪ್ರಶ್ನೆ ಕೇಳಬಹುದು, ಠರಾವು ತರಬಹುದು, ಬಜೆಟ್ಟಿನ ಮೇಲೆ ಮಾತಾಡಬಹುದು. ಕೊನೆಯ ಸಹಿ ಬೇರೆಯವರದು.

ಮತದಾರರೂ ಎಲ್ಲರೂ ಇರಲಿಲ್ಲ. ಹಳ್ಳಿಗಳಲ್ಲಿ ಇಂತಿಷ್ಟು ಕಂದಾಯ ಕಟ್ಟುವವರಿಗೆ ಮಾತ್ರ ಮತ. ಕೂಲಿಯವನಿಗೆ ಇಲ್ಲ, ಆ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೂ ಇಲ್ಲ. ಮೇಲಾಗಿ ಅದು ಅಸಹಕಾರ ಚಳವಳಿಯ ವರ್ಷ. ಕಾಂಗ್ರೆಸ್ಸು ಆ ಚುನಾವಣೆಯನ್ನು ಬಹಿಷ್ಕರಿಸಿತ್ತು. ದೇಶಭಕ್ತರಲ್ಲಿ ಕೆಲವರು ಹೊರಗೆ ನಿಂತು ಹೋರಾಡಿದರು, ಕೆಲವರು ಒಳಗೆ ಹೋಗಿ ಕೇಳುವುದನ್ನು ಕೇಳಿದರು. ಹಳಕಟ್ಟಿಯವರು ಒಳಗೆ ಹೋದವರು. ಮರಾಠಿ, ಗುಜರಾತಿ ಸದಸ್ಯರೇ ಹೆಚ್ಚಿದ್ದ ಆ ಸಭೆಯಲ್ಲಿ ಕನ್ನಡ ಜಿಲ್ಲೆಗಳೆಂದರೆ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಇಷ್ಟೇ. ಅಂಥಲ್ಲಿ ಬರದ ನಾಡಿನ ಒಬ್ಬ ವಕೀಲರು ಎದ್ದು ನಿಲ್ಲುವುದೇ ಒಂದು ಕೆಲಸ. ಇಲ್ಲಿ ಒಂದು ಜಿಲ್ಲೆ ಐತಿ, ಅಲ್ಲಿ ಜನ ಅದಾರ ಎಂದು ಸರಕಾರಕ್ಕೆ ನೆನಪು ಮಾಡುವ ಕೆಲಸ.

ಹಳಕಟ್ಟಿಯವರ ದೊಡ್ಡತನ ಕಾಣುವುದು ಇಲ್ಲಿಯೇ. ಸಭೆಗೆ ಹೋದೆ, ಮಾತಾಡಿದೆ, ಮುಗಿಯಿತು ಎಂದು ಅವರು ಕೈಕಟ್ಟಿ ಕೂಡಲಿಲ್ಲ. ಯಾವ ಕೆಲಸಕ್ಕೆ ಮುಂಬೈಯ ಸಹಿ ಬೇಕಾಗಿಲ್ಲವೋ ಅದನ್ನು ಊರಲ್ಲೇ ಮಾಡಿದರು. ಸಾಲಕ್ಕೆ ಬ್ಯಾಂಕು, ಓದಿಗೆ ಸಾಲಿ. ಭಾಷೆಗೆ ಏನು ಮಾಡಿದರು ಎಂಬುದು ಇಡೀ ನಾಡಿಗೇ ಗೊತ್ತು. ಮನೆ ಮನೆ ತಿರುಗಿ, ಜಗುಲಿಯ ಮೇಲೆ ಪೂಜೆಯಲ್ಲಿದ್ದ ತಾಡೋಲೆ ಕಟ್ಟುಗಳನ್ನು ಕೇಳಿ ತಂದು, ಓದಿ, ನಕಲು ಮಾಡಿದರು. 'ವಚನಶಾಸ್ತ್ರಸಾರ'ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ತಿರುಗಿ ಕಳಿಸಿತು. ಅವರು ಎದೆಗುಂದಲಿಲ್ಲ. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ 1923ರಲ್ಲಿ ಮೊದಲ ಭಾಗ ಹೊರಬಂತು. ಪರರ ಮುದ್ರಣಾಲಯ ನಂಬಿ ಕೂತರೆ ಆಗದು ಎಂದು ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ತೆಗೆದರು. 1926ರಲ್ಲಿಯೇ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟೆಲ್ಲ ಮಾಡಿದವರು ಸ್ವಂತಕ್ಕೆ ಉಳಿಸಿಕೊಂಡದ್ದು ಬಡತನ. ವಕೀಲಿಯ ಗಳಿಕೆ, ಮನೆಯ ಗಂಟು ಎಲ್ಲವೂ ಅಚ್ಚಿನ ಮೊಳೆಗೆ, ಕಾಗದಕ್ಕೆ ಹೋಯಿತು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮುಂಬೈ ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿದ್ದನ್ನು ಅವರು ಕಣ್ಣಾರೆ ಕಂಡರು. ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಹಾಕಿದರು. ಇನ್ನೂ ನಲವತ್ತು ದಿನ ಆಗಿರಲಿಲ್ಲ, ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ಆ ನೀರು ತಿಕೋಟಾ, ಬಬಲೇಶ್ವರ ಭಾಗಕ್ಕೆ ಏತ ನೀರಾವರಿಯಿಂದ ಏರಿ ಬರಲಿಕ್ಕೆ ಮತ್ತೆ ಅರ್ಧ ಶತಮಾನ ಹಿಡಿಯಿತು. ಈಗ ಕೆರೆ ತುಂಬುತ್ತವೆ, ದ್ರಾಕ್ಷಿ ಬಳ್ಳಿ ಹಸಿರಿವೆ. ಇದು ಒಬ್ಬರ ಒಂದು ಭಾಷಣದಿಂದ ಆದದ್ದಲ್ಲ. ಕೇಳುವವರು ತಲೆತಲಾಂತರ ಕೇಳುತ್ತಲೇ ಬಂದದ್ದರಿಂದ ಆದದ್ದು.

ಬಾಂಧವರೇ, ನಮ್ಮ ಸಂಘದಲ್ಲಿ ಹತ್ತು ಶೇರು ಇದ್ದವನಿಗೂ ಒಂದೇ ಮತ, ಒಂದು ಶೇರು ಇದ್ದವನಿಗೂ ಒಂದೇ ಮತ. 1920ರ ಮುಂಬೈ ಸಭೆಗೆ ಮತ ಹಾಕಲು ಆಗದಿದ್ದ ಕೂಲಿಯವನ ಮೊಮ್ಮಗ ಇವತ್ತು ನಮ್ಮ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಆದರೆ ಸಭೆಯ ದಿನ ಎಷ್ಟು ಜನ ಬರತೀವಿ? ಬಂದವರಲ್ಲಿ ಎಷ್ಟು ಜನ ವರದಿ ಓದತೀವಿ? ಸಹಿ ಹಾಕಿ, ಚಹಾ ಕುಡಿದು, ಊಟ ಮಾಡಿ ಹೋಗುವುದೇ ಸಭೆ ಆಗಬಾರದು. ಸುಸ್ತಿ ಬಾಕಿ ಏರುತ್ತ ಹೋದರೆ ನಷ್ಟ ಅನುಭವಿಸುವವರು ನಾವೇ. ಮುಂದಿನ ಹಂಗಾಮಿಗೆ ಬೀಜದ ಸಾಲ ಸಿಗದೆ ಮತ್ತೆ ಸಾಹುಕಾರನ ಕಟ್ಟೆ ಹತ್ತುವವರೂ ನಾವೇ.

ಆದ್ದರಿಂದ ಸಭೆಗೆ ಬನ್ನಿ, ಕೇಳಬೇಕಾದ್ದನ್ನು ಕೇಳಿ, ಪಡೆದ ಸಾಲವನ್ನು ವೇಳೆಗೆ ಸರಿಯಾಗಿ ತುಂಬಿ. ಆ ಹಿರಿಯರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಇದು. ಡಾ. ಫ.ಗು. ಹಳಕಟ್ಟಿಯವರ ಪುಣ್ಯಸ್ಮರಣೆಗೆ ಸಂಘದ ಎಲ್ಲ ಸದಸ್ಯರ ಪರವಾಗಿ ಶರಣು ಶರಣಾರ್ಥಿಗಳು.